ನೀರುನಾಯಿಗಳ ಸಂಖ್ಯೆ ಕ್ಷೀಣಿಸಲು ಸಂಭವನೀಯ ಕಾರಣಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನ ಶ್ರೀರಾಂಪುರ, ಮಲ್ಲೇಶ್ವರಂ, ಚಾಮರಾಜಪೇಟೆ, ಬಸವನಗುಡಿ ಮುಂತಾದ ಹಳೆಯ ಬಡಾವಣೆಗಳ ನಾಗರಿಕರು ಕುಡಿಯುವ ನೀರಿನ ಸಂಪರ್ಕ, ಒಳಚರಂಡಿ ಸಂಪರ್ಕ, ಕಟ್ಟಡ ಪರವಾನಗಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವುದು ಸಾಮಾನ್ಯ. ಈ ಸೇವೆಗಳು ಒಂದು ನದಿಯೊಂದಿಗೆ, ಆ ನದಿಯಲ್ಲಿ ವಾಸಿಸುವ ಜೀವಿಗಳೊಂದಿಗೆ ನೇರ ಸಂಬಂಧ ಹೊಂದಿವೆ ಎಂಬುದು ಬಹುಮಂದಿಯ ಗಮನಕ್ಕೆ ಬಂದಿರುವುದಿಲ್ಲ.

ನಗರದ ನಲ್ಲಿಗಳಿಗೆ ಬರುವ ಕಾವೇರಿ ನೀರನ್ನು ಶಿವನಸಮುದ್ರದ ಸಮೀಪ ನದಿಯಿಂದ ಪಡೆದು, ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಸುಮಾರು 100 ಕಿಲೋಮೀಟರ್ ದೂರ ಹಾಗೂ ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಲಾಗುತ್ತದೆ. ಈ ವ್ಯವಸ್ಥೆಯ ಮೊದಲ ಹಂತವು 1974ರಲ್ಲಿ ಕಾರ್ಯಾರಂಭ ಮಾಡಿತು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತವನ್ನು 2024ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಲಾಯಿತು. ಬಳಸಿದ ನೀರಿನ ಹಾದಿ ಬೇರೆ. ಶ್ರೀರಾಂಪುರ ಹಾಗೂ ನಗರದ ಪಶ್ಚಿಮ ಭಾಗದ ಚರಂಡಿಗಳು ವೃಷಭಾವತಿ ಕಣಿವೆಯ ಕಡೆಗೆ ಇಳಿಯುತ್ತವೆ. ವೃಷಭಾವತಿಯು ಕೆಂಗೇರಿ, ಬಿಡದಿ, ಬೈರಮಂಗಲದ ಕಡೆಯಿಂದ ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ.

ಈ ಸಂಗಮದ ಮೇಲೆ ಮತ್ತು ಕೆಳಗೆ ಹರಿಯುವ ಕಾವೇರಿಯೇ ನೀರುನಾಯಿಗಳ ನೆಲೆ. ದೇಶದ ಅನೇಕ ನದಿಗಳಲ್ಲಿ ಒಂದು ಕಾಲದಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದ ಈ ಪ್ರಾಣಿ ಇಂದು ಕೆಲವೇ ಹರಿವುಗಳಿಗೆ ಸೀಮಿತವಾಗುತ್ತಿದೆ. ಇದಕ್ಕೆ ಕಾರಣಗಳೇನಿರಬಹುದು, ಅವು ಹೇಗೆ ಕೆಲಸ ಮಾಡುತ್ತವೆ, ನಾಗರಿಕರು ಏನು ಮಾಡಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ನೀರುನಾಯಿಯ ಪರಿಚಯ

ನೀರುನಾಯಿಯು ಹೆಸರಿನಲ್ಲಿ ಮಾತ್ರ ನಾಯಿ. ಜೀವಶಾಸ್ತ್ರದ ವರ್ಗೀಕರಣದಲ್ಲಿ ಇದು ಮುಂಗುಸಿಗಾಗಲಿ ನಾಯಿಗಾಗಲಿ ಸೇರದೆ, ವೀಸೆಲ್ ಮತ್ತು ಬ್ಯಾಜರ್‌ಗಳ ಕುಟುಂಬಕ್ಕೆ ಸೇರಿದೆ. ಪ್ರಪಂಚದಲ್ಲಿ ಒಂದು ಡಜನ್‌ಗೂ ಹೆಚ್ಚು ಪ್ರಭೇದಗಳಿದ್ದು, ಭಾರತದಲ್ಲಿ ಮೂರು ಪ್ರಭೇದಗಳು ಕಂಡುಬರುತ್ತವೆ.

- ನುಣುಪು ತುಪ್ಪಳದ ನೀರುನಾಯಿ: ಕಾವೇರಿ, ಕಬಿನಿ, ತುಂಗಭದ್ರಾ, ಕಾಳಿ ಮುಂತಾದ ದೊಡ್ಡ ನದಿಗಳಲ್ಲಿ ಹಾಗೂ ಜಲಾಶಯಗಳ ಹಿನ್ನೀರಿನಲ್ಲಿ ವಾಸಿಸುತ್ತದೆ. ವಯಸ್ಕ ಪ್ರಾಣಿಯು ಸುಮಾರು 7ರಿಂದ 11 ಕಿಲೋಗ್ರಾಂ ತೂಗುತ್ತದೆ. ಕುಟುಂಬದ ಗುಂಪಿನಲ್ಲಿ ಬಾಳುತ್ತದೆ. ಮೀನು ಇದರ ಮುಖ್ಯ ಆಹಾರ.
- ಚಿಕ್ಕ ಉಗುರಿನ ನೀರುನಾಯಿ: ಪ್ರಪಂಚದ ನೀರುನಾಯಿಗಳ ಪೈಕಿ ಅತ್ಯಂತ ಚಿಕ್ಕದು. ಕೊಡಗು, ಚಿಕ್ಕಮಗಳೂರು ಸೇರಿದಂತೆ ಪಶ್ಚಿಮ ಘಟ್ಟಗಳ ಹಳ್ಳ ತೊರೆಗಳಲ್ಲಿ ವಾಸಿಸುತ್ತದೆ. ಏಡಿ ಇದರ ಮುಖ್ಯ ಆಹಾರ.
- ಯುರೇಷಿಯನ್ ನೀರುನಾಯಿ: ಹಿಮಾಲಯದಿಂದ ಪಶ್ಚಿಮ ಘಟ್ಟಗಳವರೆಗೆ ಅಲ್ಲಲ್ಲಿ ಮಾತ್ರ ಕಂಡುಬರುವ, ಒಂಟಿಯಾಗಿ ಬದುಕುವ ಪ್ರಭೇದ.

ಮೊದಲ ಎರಡು ಪ್ರಭೇದಗಳನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ‘ಅಪಾಯಕ್ಕೆ ಗುರಿಯಾಗಬಲ್ಲ’ ಪ್ರಾಣಿಗಳ ವರ್ಗದಲ್ಲಿ ಸೇರಿಸಿದೆ.

ನೀರುನಾಯಿಗೆ ಮೂರು ಅಗತ್ಯಗಳಿವೆ. ಮೊದಲನೆಯದು ವರ್ಷವಿಡೀ ಮೀನು ಅಥವಾ ಏಡಿ ದೊರೆಯುವ ನೀರು. ಎರಡನೆಯದು ಮರಿ ಹಾಕಲು ದಡದ ಬಂಡೆಗಳ ಸಂದಿ, ಮರದ ಬೇರುಗಳ ಪೊಟರೆ ಅಥವಾ ಮಣ್ಣಿನ ಬಿಲ. ಮೂರನೆಯದು ಮೈ ಒಣಗಿಸಿಕೊಳ್ಳಲು ಹಾಗೂ ಗುಂಪಿನ ಗುರುತು ಬಿಡಲು ನಿರ್ಜನವಾದ ಮರಳದಿಣ್ಣೆ ಮತ್ತು ಬಂಡೆ. ಹೆಣ್ಣು ಸುಮಾರು ಎರಡು ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ 2ರಿಂದ 5 ಮರಿಗಳನ್ನು ಹಾಕುತ್ತದೆ. ಒಂದು ಗುಂಪಿಗೆ ನದಿಯ ಹಲವು ಕಿಲೋಮೀಟರ್ ಉದ್ದ ಬೇಕಾಗುತ್ತದೆ. ಆದುದರಿಂದ ಉತ್ತಮ ನದಿಯಲ್ಲಿಯೂ ಇವುಗಳ ಸಂಖ್ಯೆ ಹೆಚ್ಚಿರುವುದಿಲ್ಲ. ಕೆಲವು ಪ್ರಾಣಿಗಳು ಸತ್ತರೂ ಅದರ ಪರಿಣಾಮ ಬಹುಕಾಲ ಉಳಿಯುತ್ತದೆ.

2. ಸಂಖ್ಯೆ ಕುಸಿದಿರುವುದನ್ನು ತಿಳಿಯುವ ಬಗೆ

ನೀರುನಾಯಿಗಳನ್ನು ತಲೆ ಎಣಿಸಿ ಲೆಕ್ಕ ಹಾಕುವುದು ಕಷ್ಟ. ಅವು ಹೆಚ್ಚಾಗಿ ಮುಂಜಾನೆ ಮತ್ತು ಸಂಜೆ ಸಂಚರಿಸುತ್ತವೆ ಮತ್ತು ಮನುಷ್ಯರ ಸುಳಿವು ಸಿಕ್ಕೊಡನೆ ನೀರಿಗಿಳಿಯುತ್ತವೆ. ಆದುದರಿಂದ ಸಮೀಕ್ಷಕರು ನದಿಯ ದಡವನ್ನು ನಿಗದಿತ ಉದ್ದದ ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿನಲ್ಲಿ ಹಿಕ್ಕೆ, ಹೆಜ್ಜೆ ಗುರುತು, ಬಿಲ ಮತ್ತು ಮರಳಿನಲ್ಲಿ ಹೊರಳಾಡಿದ ಗುರುತುಗಳನ್ನು ಹುಡುಕುತ್ತಾರೆ. ಮೀನಿನ ಹುರುಪೆ ಮತ್ತು ಏಡಿಯ ಚಿಪ್ಪಿನ ಚೂರುಗಳಿಂದ ಕೂಡಿದ ಹಿಕ್ಕೆಯನ್ನು ನೀರುನಾಯಿಗಳು ಒಂದೇ ಬಂಡೆಯ ಮೇಲೆ ಮತ್ತೆ ಮತ್ತೆ ಹಾಕುವುದರಿಂದ ಗುರುತಿಸುವುದು ಸುಲಭ. ಮೊದಲು ಗುರುತುಗಳಿದ್ದ ತುಂಡುಗಳು ವರ್ಷ ಕಳೆದಂತೆ ಬರಿದಾದರೆ, ಪ್ರಾಣಿಯು ಆ ಹರಿವನ್ನು ತೊರೆದಿದೆ ಅಥವಾ ಅಲ್ಲಿ ಅಳಿದಿದೆ ಎಂದು ತಿಳಿಯಲಾಗುತ್ತದೆ.

ಈ ವಿಧಾನವು ಪ್ರಾಣಿ ಎಲ್ಲಿ ಇಲ್ಲ ಎಂಬುದನ್ನು ತೋರಿಸುತ್ತದೆ. ಏಕೆ ಇಲ್ಲ ಎಂಬುದನ್ನು ತಿಳಿಯಲು ಆ ಸ್ಥಳದ ಮೀನು, ನೀರು, ದಡ ಮತ್ತು ಜನರ ಚಟುವಟಿಕೆಗಳನ್ನು ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ. ಕಾರಣಗಳನ್ನು ‘ಸಂಭವನೀಯ’ ಎಂದು ಕರೆಯುವುದು ಈ ಹಿನ್ನೆಲೆಯಲ್ಲಿ.

3. ಕಡಲ ನೀರುನಾಯಿಯ ಪಾಠ

ಭಾರತದ ಸಮುದ್ರಗಳಲ್ಲಿ ಕಡಲ ನೀರುನಾಯಿ ಇಲ್ಲ. ಅದು ಉತ್ತರ ಪೆಸಿಫಿಕ್ ಸಾಗರದ ರಷ್ಯಾ, ಅಲಾಸ್ಕಾ, ಕೆನಡಾ ಮತ್ತು ಕ್ಯಾಲಿಫೋರ್ನಿಯಾ ತೀರಗಳ ಪ್ರಾಣಿ. ಆದರೆ ನೀರುನಾಯಿಗಳ ಕುಸಿತದ ಬಗ್ಗೆ ಅತ್ಯಂತ ವಿಸ್ತಾರವಾದ ಅಧ್ಯಯನ ನಡೆದಿರುವುದು ಅದರ ವಿಷಯದಲ್ಲಿಯೇ. ಆದುದರಿಂದ ಅದರ ಇತಿಹಾಸವನ್ನು ಸಂಕ್ಷಿಪ್ತವಾಗಿ ತಿಳಿಯುವುದು ಉಪಯುಕ್ತ.

1741ರ ಬೇರಿಂಗ್ ನೌಕಾಯಾನದ ನಂತರ ಈ ಪ್ರಾಣಿಯ ದಟ್ಟ ತುಪ್ಪಳಕ್ಕಾಗಿ ಬೇಟೆ ಆರಂಭವಾಯಿತು. 1911ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಬೇಟೆಯನ್ನು ನಿಲ್ಲಿಸುವ ಹೊತ್ತಿಗೆ, ಲಕ್ಷಕ್ಕೂ ಮೀರಿದ್ದ ಸಂಖ್ಯೆಯು ಸುಮಾರು 1,000ದಿಂದ 2,000ಕ್ಕೆ ಇಳಿದಿತ್ತು. ಕಾರಣ ಒಂದೇ ಮತ್ತು ಸ್ಪಷ್ಟವಾಗಿದ್ದುದರಿಂದ ಬೇಟೆ ನಿಂತೊಡನೆ ಚೇತರಿಕೆಯೂ ಆರಂಭವಾಯಿತು.

ನಂತರದ ಕುಸಿತಗಳು ಇಷ್ಟು ಸರಳವಾಗಿರಲಿಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಸೋರಿಕೆಯಿಂದ ಅಪಾರ ಸಂಖ್ಯೆಯ ನೀರುನಾಯಿಗಳು ಸತ್ತವು. 1990ರ ದಶಕದಲ್ಲಿ ಅಲ್ಯೂಷಿಯನ್ ದ್ವೀಪಗಳಲ್ಲಿ ಸಂಖ್ಯೆ ಮತ್ತೆ ತೀವ್ರವಾಗಿ ಕುಸಿದಾಗ, ಅಲ್ಲಿ ರೋಗ, ಹಸಿವು ಅಥವಾ ವಿಷದ ಲಕ್ಷಣಗಳು ಆ ಪ್ರಮಾಣದಲ್ಲಿ ಕಂಡುಬರಲಿಲ್ಲ. ಓರ್ಕಾ ತಿಮಿಂಗಿಲಗಳು ನೀರುನಾಯಿಗಳನ್ನು ತಿನ್ನತೊಡಗಿದ್ದೇ ಕಾರಣವಿರಬಹುದೆಂದು ವಿಜ್ಞಾನಿಗಳು 1998ರಲ್ಲಿ ಪ್ರತಿಪಾದಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಶಾರ್ಕ್ ಕಡಿತದ ಜೊತೆಗೆ, ಬೆಕ್ಕಿನ ಮಲದಲ್ಲಿರುವ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯು ಮಳೆನೀರಿನೊಂದಿಗೆ ಸಮುದ್ರ ಸೇರಿ ನೀರುನಾಯಿಗಳ ಸಾವಿಗೆ ಕಾರಣವಾಗುತ್ತಿರುವುದು ಪತ್ತೆಯಾಯಿತು. ಮನೆಯಂಗಳದಿಂದ ಚರಂಡಿಗೆ ಹರಿದದ್ದು ಕಡಲಿನ ಪ್ರಾಣಿಯನ್ನು ತಲುಪಿತ್ತು.

ನೀರುನಾಯಿ ಕಣ್ಮರೆಯಾದಲ್ಲಿ ಅದರ ಆಹಾರವಾಗಿದ್ದ ಕಡಲ ಮುಳ್ಳುಚೆಂಡುಗಳು ಹೆಚ್ಚಿ, ಕೆಲ್ಪ್ ಎಂಬ ಬೃಹತ್ ಕಡಲಪಾಚಿಯ ವನಗಳನ್ನು ತಿಂದು ಬರಿದು ಮಾಡಿದವು. ಆ ವನಗಳನ್ನು ಆಶ್ರಯಿಸಿದ್ದ ಮೀನುಗಳೂ ನೆಲೆ ಕಳೆದುಕೊಂಡವು.

ಇದರಿಂದ ತಿಳಿಯಬೇಕಾದ ಅಂಶಗಳು ಎರಡು: ಒಂದೇ ಪ್ರಾಣಿಯ ಕುಸಿತಕ್ಕೆ ಸ್ಥಳದಿಂದ ಸ್ಥಳಕ್ಕೆ, ಕಾಲದಿಂದ ಕಾಲಕ್ಕೆ ಬೇರೆ ಬೇರೆ ಕಾರಣಗಳಿರಬಹುದು, ಮತ್ತು ಕಾರಣದ ಮೂಲವು ಪ್ರಾಣಿ ಇರುವ ಸ್ಥಳದಿಂದ ಬಹುದೂರದಲ್ಲಿರಬಹುದು.

4. ಕರ್ನಾಟಕದ ನದಿಗಳಲ್ಲಿ ಸಂಭವನೀಯ ಕಾರಣಗಳು

(ಅ) ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದು

ನದಿಯ ಆಳವಾದ ಮಡುಗಳಲ್ಲಿ ಸಿಡಿಮದ್ದು ಸ್ಫೋಟಿಸಿ ಮೀನು ಹಿಡಿಯುವ ಅಕ್ರಮ ಪದ್ಧತಿಯು ಕಾವೇರಿ ಮತ್ತು ತುಂಗಭದ್ರಾ ನದಿಗಳೆರಡರಲ್ಲಿಯೂ ವರದಿಯಾಗಿದೆ. ಸ್ಫೋಟದ ಆಘಾತವು ದೊಡ್ಡ ಮೀನು, ಮರಿಮೀನು, ಮೊಟ್ಟೆ ಎಂಬ ಭೇದವಿಲ್ಲದೆ ಎಲ್ಲವನ್ನೂ ಕೊಲ್ಲುತ್ತದೆ. ಸತ್ತ ಮೀನಿನ ಬಹುಭಾಗ ತಳಕ್ಕೆ ಮುಳುಗಿ ಯಾರಿಗೂ ದಕ್ಕುವುದಿಲ್ಲ. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ಮೀನುಗಳೂ ನೀರುನಾಯಿಗಳೂ ಆಶ್ರಯಿಸುವುದು ಇದೇ ಮಡುಗಳನ್ನು. ಹಾಗಾಗಿ ಒಂದು ಸ್ಫೋಟವು ಒಂದು ಗುಂಪಿನ ಇಡೀ ಋತುವಿನ ಆಹಾರವನ್ನು ನಾಶಮಾಡಬಲ್ಲದು. ಕಾವೇರಿ ಕೊಳ್ಳಕ್ಕೆ ಮಾತ್ರ ಸೀಮಿತವಾದ, 2018ರಿಂದ ‘ತೀವ್ರ ಅಪಾಯದಲ್ಲಿರುವ’ ಪ್ರಾಣಿಗಳ ಪಟ್ಟಿಯಲ್ಲಿರುವ ಡುಬ್ಬಬೆನ್ನಿನ ಮಹಶೀರ್ ಮೀನಿಗೂ ಈ ಪದ್ಧತಿ ಮಾರಕ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

(ಆ) ಮರಳು ತೆಗೆಯುವುದು ಮತ್ತು ದಡದ ನಾಶ

ನಗರದ ಕಟ್ಟಡಗಳಿಗಾಗಿ ನದಿಪಾತ್ರದಿಂದ ಮರಳು ತೆಗೆದಾಗ ನೀರುನಾಯಿಗಳು ಮೈ ಒಣಗಿಸುವ ದಿಣ್ಣೆಗಳು ಹೋಗುತ್ತವೆ, ದಡ ಕುಸಿದು ಬಿಲಗಳು ಮುಚ್ಚುತ್ತವೆ, ಮೀನು ಮೊಟ್ಟೆಯಿಡುವ ತಳವೂ ಕಲಕಿಹೋಗುತ್ತದೆ. ದಡದ ಹೊಳೆಮತ್ತಿ, ನೇರಳೆ ಮುಂತಾದ ಮರಗಳನ್ನು ಕಡಿದು ನೀರಿನ ಅಂಚಿನವರೆಗೂ ಬೇಸಾಯ ಮಾಡಿದಾಗಲೂ ಪರಿಣಾಮ ಇದೇ ಆಗಿರುತ್ತದೆ. ನೀರಿನಲ್ಲಿ ಮೀನು ಇದ್ದರೂ, ಮರಿ ಹಾಕಲು ಸ್ಥಳವಿಲ್ಲದ ಹರಿವಿನಲ್ಲಿ ನೀರುನಾಯಿಗಳು ನೆಲೆ ನಿಲ್ಲುವುದಿಲ್ಲ.

(ಇ) ಅಣೆಕಟ್ಟು ಮತ್ತು ಹರಿವಿನ ಏರಿಳಿತ

ಕೃಷ್ಣರಾಜಸಾಗರ 1932ರಲ್ಲಿ, ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡವು. ಈ ಅಣೆಕಟ್ಟುಗಳಿಂದ ಲಕ್ಷಾಂತರ ಕುಟುಂಬಗಳಿಗೆ ಅನ್ನ, ನೀರು ಮತ್ತು ಬೆಳಕು ದೊರೆತಿವೆ. ನೀರುನಾಯಿಯ ಮೇಲಿನ ಪರಿಣಾಮ ಎರಡು ಬಗೆಯದು. ಹಿನ್ನೀರಿನ ವಿಸ್ತಾರದಲ್ಲಿ ಮೀನು ಹೆಚ್ಚಿ ಕೆಲವೆಡೆ ನೀರುನಾಯಿಗಳಿಗೆ ಅನುಕೂಲವಾಗಿದೆ. ಅಣೆಕಟ್ಟಿನ ಕೆಳಭಾಗದಲ್ಲಿ ಹರಿವು ಋತುವಿಗನುಸಾರವಾಗಿರದೆ ಗೇಟು ಮತ್ತು ಟರ್ಬೈನ್‌ಗಳಿಗನುಸಾರವಾಗಿರುತ್ತದೆ. ನೀರು ಹಠಾತ್ತನೆ ಏರಿದರೆ ಬಿಲದಲ್ಲಿರುವ ಎಳೆಯ ಮರಿಗಳು ಮುಳುಗಬಹುದು. ಹಠಾತ್ತನೆ ಇಳಿದರೆ ಮೀನಿನ ಮೊಟ್ಟೆಗಳು ಬಿಸಿಲಿಗೆ ಒಣಗಬಹುದು. ಮೇಲಕ್ಕೂ ಕೆಳಕ್ಕೂ ವಲಸೆ ಹೋಗುವ ಮೀನುಗಳ ದಾರಿಯೂ ಕಡಿಯುತ್ತದೆ.

(ಈ) ಕೀಟನಾಶಕ ಮತ್ತು ಮಲಿನ ನೀರು

ನೀರುನಾಯಿ ನದಿಯ ಆಹಾರ ಸರಪಳಿಯ ತುದಿಯಲ್ಲಿರುವ ಪ್ರಾಣಿ. ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವಿಷವು ಹುಳುವಿಗೆ, ಹುಳುವಿನಿಂದ ಚಿಕ್ಕ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಸಾಗುವಾಗ ಪ್ರತಿ ಹಂತದಲ್ಲಿಯೂ ಸಾಂದ್ರವಾಗುತ್ತದೆ. ಕೊನೆಗೆ ನೀರುನಾಯಿಯ ದೇಹದ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. ಇದು ತಕ್ಷಣ ಕೊಲ್ಲದಿದ್ದರೂ ಸಂತಾನಶಕ್ತಿಯನ್ನು ಕುಂದಿಸಬಲ್ಲದು. ಮೀನುಗಳಿಗೆ ಅತಿ ವಿಷಕಾರಿಯಾದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ದೇಶಾದ್ಯಂತ ನಿಷೇಧಿಸಿತು. ಆದರೂ ಭತ್ತದ ಗದ್ದೆ ಮತ್ತು ತೋಟಗಳಿಂದ ಇತರ ಕೀಟನಾಶಕಗಳು ಹಳ್ಳಗಳಿಗೆ ಸೇರುವುದು ನಿಂತಿಲ್ಲ. ಏಡಿಯನ್ನೇ ನೆಚ್ಚಿಕೊಂಡ ಚಿಕ್ಕ ಉಗುರಿನ ನೀರುನಾಯಿಗೆ ಇದರ ಪೆಟ್ಟು ಹೆಚ್ಚು.

ನಗರದ ಪಾತ್ರ ಇಲ್ಲಿ ಪ್ರತ್ಯಕ್ಷವಾಗಿದೆ. ಗೃಹಬಳಕೆಯ ಕೊಳಚೆ, ಮಾರ್ಜಕದ ನೊರೆ ಮತ್ತು ಕೈಗಾರಿಕೆಗಳ ತ್ಯಾಜ್ಯವು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸಾಗುತ್ತದೆ. ಕೊಳೆಯುವ ವಸ್ತು ಹೆಚ್ಚಿದಂತೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿ ಮೀನುಗಳು ಉಳಿಯುವುದಿಲ್ಲ. ಮೀನಿಲ್ಲದ ನೀರಿಗೆ ನೀರುನಾಯಿ ಬರುವುದಿಲ್ಲ.

(ಉ) ತುಪ್ಪಳಕ್ಕಾಗಿ ಕಳ್ಳಬೇಟೆ

2003ರ ಅಕ್ಟೋಬರ್‌ನಲ್ಲಿ ಟಿಬೆಟ್‌ನ ಸಾಂಗ್‌ಸಾಂಗ್ ಎಂಬಲ್ಲಿ ಒಂದೇ ಸಾಗಣೆಯಲ್ಲಿ 31 ಹುಲಿ, 581 ಚಿರತೆ ಮತ್ತು 778 ನೀರುನಾಯಿ ಚರ್ಮಗಳನ್ನು ವಶಪಡಿಸಿಕೊಳ್ಳಲಾಯಿತು. ಹುಲಿಯ ಚರ್ಮ ಸಿಕ್ಕಾಗ ಸುದ್ದಿಯಾಗುತ್ತದೆ. ಅದರ ಜೊತೆಯಲ್ಲಿಯೇ ಸಾಗುವ ನೀರುನಾಯಿ ಚರ್ಮ ಗಮನಕ್ಕೆ ಬರುವುದು ವಿರಳ. ಇತ್ತೀಚಿನ ವರ್ಷಗಳಲ್ಲಿ ಕೆಲವು ದೇಶಗಳಲ್ಲಿ ಮರಿಗಳನ್ನು ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುವ ಖಯಾಲಿಯೂ ಬೆಳೆದಿದ್ದು, ಅಂತರ್ಜಾಲದ ಚಿತ್ರಗಳು ಇದಕ್ಕೆ ಇಂಬು ನೀಡಿವೆ.

(ಊ) ಮೀನುಗಾರರೊಂದಿಗೆ ಸಂಘರ್ಷ

ಬಲೆಗೆ ಬಿದ್ದ ಮೀನನ್ನು ತಿನ್ನಲು ಬರುವ ನೀರುನಾಯಿಯು ಬಲೆಯನ್ನು ಹರಿಯುತ್ತದೆ. ಹರಿಗೋಲಿನಲ್ಲಿ ಇಡೀ ರಾತ್ರಿ ದುಡಿಯುವ ಬಡ ಮೀನುಗಾರನಿಗೆ ಇದು ಸಣ್ಣ ನಷ್ಟವಲ್ಲ. ಕೆಲವೆಡೆ ಪ್ರಾಣಿಯನ್ನು ಓಡಿಸುವುದು ಅಥವಾ ಕೊಲ್ಲುವುದು ನಡೆಯುತ್ತದೆ. ನೈಲಾನ್ ಬಲೆಗೆ ಸಿಕ್ಕಿ ಮುಳುಗಿ ಸಾಯುವುದೂ ಉಂಟು. ಆದರೆ ನದಿಯಲ್ಲಿ ಮೀನು ಕಡಿಮೆಯಾದಷ್ಟೂ ನೀರುನಾಯಿಯು ಬಲೆಯ ಬಳಿಗೆ ಬರುವುದು ಹೆಚ್ಚುತ್ತದೆ ಎಂಬುದನ್ನು ಗಮನಿಸಬೇಕು. ಸಿಡಿಮದ್ದು ಮತ್ತು ಮಾಲಿನ್ಯದಿಂದ ಮೀನುಗಾರನಿಗೂ ನೀರುನಾಯಿಗೂ ಆಗುವ ನಷ್ಟ ಒಂದೇ. ಬಾಂಗ್ಲಾದೇಶದ ಕೆಲವು ಮೀನುಗಾರ ಕುಟುಂಬಗಳು ಇದೇ ನುಣುಪು ತುಪ್ಪಳದ ನೀರುನಾಯಿಯನ್ನು ಪಳಗಿಸಿ, ಮೀನನ್ನು ಬಲೆಯತ್ತ ಅಟ್ಟಲು ತಲೆಮಾರುಗಳಿಂದ ಬಳಸುತ್ತಾ ಬಂದಿವೆ.

(ಋ) ಇತರ ಕಾರಣಗಳು

ದಡದಲ್ಲಿ ಅಲೆಯುವ ಬೀದಿನಾಯಿಗಳು ಮರಿಗಳ ಮೇಲೆ ಎರಗಬಹುದು ಮತ್ತು ರೋಗಗಳನ್ನು ಹರಡಬಹುದು. ಸಂಗಮ, ಮುತ್ತತ್ತಿ ಮುಂತಾದ ಸ್ಥಳಗಳಲ್ಲಿ ರಜಾದಿನಗಳ ಜನಸಂದಣಿ, ಗಾಜಿನ ಚೂರು ಮತ್ತು ಪ್ಲಾಸ್ಟಿಕ್ ತ್ಯಾಜ್ಯವು ದಡದ ನಿರ್ಜನತೆಯನ್ನು ಕೆಡಿಸುತ್ತದೆ.

5. ಕಾರಣಗಳ ಪರಸ್ಪರ ಸಂಬಂಧ

ಮೇಲಿನ ಕಾರಣಗಳನ್ನು ಬೇರೆ ಬೇರೆಯಾಗಿ ಪಟ್ಟಿ ಮಾಡಿದ್ದರೂ ನದಿಯಲ್ಲಿ ಅವು ಒಟ್ಟಿಗೆ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ಅದೇ ಪ್ರಮಾಣದ ಕೊಳಚೆಯು ಹೆಚ್ಚು ಸಾಂದ್ರವಾಗುತ್ತದೆ. ಮೀನುಗಳು ಕೆಲವೇ ಮಡುಗಳಲ್ಲಿ ಕೂಡಿಕೊಳ್ಳುವುದರಿಂದ ಸಿಡಿಮದ್ದು ಎಸೆಯುವವರಿಗೆ ಅನುಕೂಲವಾಗುತ್ತದೆ. ಆಹಾರ ಕಡಿಮೆಯಾದ ನೀರುನಾಯಿಗಳು ಬಲೆಗಳ ಬಳಿಗೆ ಬಂದು ಸಾಯುತ್ತವೆ. ಮರಳು ಹೋದ ದಡದಲ್ಲಿ ಬಿಲವಿಲ್ಲದೆ, ಉಳಿದವು ಮರಿ ಹಾಕದೆ ಮುಂದೆ ಸಾಗುತ್ತವೆ. ಒಂದೊಂದು ಕಾರಣವನ್ನೂ ಪ್ರಾಣಿ ಸಹಿಸಬಲ್ಲದು. ಎಲ್ಲವೂ ಸೇರಿದಾಗ ಸಹಿಸಲಾರದು.

ನಗರವಾಸಿಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಬೆಂಗಳೂರು ಕುಡಿಯುವ ನೀರನ್ನು ಪಡೆಯುವುದು ಸಂಗಮಕ್ಕಿಂತ ಮೇಲ್ಭಾಗದಲ್ಲಿ. ಬಳಸಿದ ನೀರು ಕಾವೇರಿಯನ್ನು ಸೇರುವುದು ಸಂಗಮದಲ್ಲಿ. ತಾನು ಕೆಡಿಸಿದ ನೀರನ್ನು ನಗರವು ತಾನೇ ಕುಡಿಯಬೇಕಾಗಿಲ್ಲ. ಆದುದರಿಂದ ನಲ್ಲಿಯಲ್ಲಿ ಬರುವ ತಿಳಿನೀರನ್ನು ನೋಡಿ ನದಿಯ ಸ್ಥಿತಿಯನ್ನು ಅರಿಯಲು ಸಾಧ್ಯವಿಲ್ಲ. ಅದನ್ನು ಅನುಭವಿಸುವವರು ಕೆಳಹರಿವಿನ ಗ್ರಾಮಸ್ಥರು, ಮೀನುಗಾರರು ಮತ್ತು ಜಲಚರಗಳು. ಮೀನು, ದಡ, ಹರಿವು, ಶುದ್ಧತೆ ಈ ನಾಲ್ಕೂ ಒಟ್ಟಿಗೆ ಇದ್ದರೆ ಮಾತ್ರ ನೀರುನಾಯಿ ಉಳಿಯುತ್ತದೆ. ಹೀಗಾಗಿ ಅದರ ಇರುವಿಕೆಯು ನದಿ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ.

6. ಚೇತರಿಕೆ ಸಾಧ್ಯವೇ?

ಸಾಧ್ಯ ಎಂಬುದಕ್ಕೆ ನಿದರ್ಶನಗಳಿವೆ. ಇಂಗ್ಲೆಂಡಿನಲ್ಲಿ 1950ರ ದಶಕದ ಕೊನೆಯಿಂದ ಯುರೇಷಿಯನ್ ನೀರುನಾಯಿಗಳು ಹಠಾತ್ತನೆ ಕಡಿಮೆಯಾದವು. ಬೇಟೆಗಾರರ ತಂಡಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಬಿತ್ತನೆ ಬೀಜಕ್ಕೆ ಲೇಪಿಸುತ್ತಿದ್ದ ಡೀಲ್ಡ್ರಿನ್‌ನಂತಹ ಕೀಟನಾಶಕಗಳ ಬಳಕೆ ಹೆಚ್ಚಿದ ಕಾಲಕ್ಕೂ ಕುಸಿತದ ಕಾಲಕ್ಕೂ ಹೊಂದಾಣಿಕೆ ಕಂಡುಬಂದಿತು. ಅವುಗಳನ್ನು ಹಂತಹಂತವಾಗಿ ನಿಷೇಧಿಸಿ, ನದಿಗಳನ್ನು ಶುದ್ಧಗೊಳಿಸಿದ ನಂತರ ಪ್ರಾಣಿಗಳು ಮರಳಿದವು. 2011ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಕಾಣಿಸಿಕೊಳ್ಳುವುದರೊಂದಿಗೆ ಇಂಗ್ಲೆಂಡಿನ ಎಲ್ಲ ಪ್ರಾಂತ್ಯಗಳಲ್ಲಿಯೂ ಅವುಗಳ ಇರುವಿಕೆ ದೃಢಪಟ್ಟಿತು.

ಸಿಂಗಪುರದ ನಿದರ್ಶನ ಬೆಂಗಳೂರಿಗೆ ಇನ್ನೂ ಹತ್ತಿರವಾದುದು. ಅಲ್ಲಿ 1977ರಿಂದ 1987ರವರೆಗೆ ನಗರದ ನದಿಯನ್ನು ಶುದ್ಧಗೊಳಿಸುವ ಕಾರ್ಯ ನಡೆಯಿತು. 1990ರ ದಶಕದಲ್ಲಿ ನುಣುಪು ತುಪ್ಪಳದ ನೀರುನಾಯಿಗಳು, ಅಂದರೆ ಕಾವೇರಿಯಲ್ಲಿರುವ ಪ್ರಭೇದವೇ, ತಾವಾಗಿಯೇ ಅಲ್ಲಿಗೆ ಮರಳಿದವು. ಇಂದು ಅವು ಬಹುಮಹಡಿ ಕಟ್ಟಡಗಳ ನಡುವಿನ ಕಾಲುವೆಗಳಲ್ಲಿ ಮರಿಗಳೊಂದಿಗೆ ಈಜುತ್ತವೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಒಂದು ಕಾಲದಲ್ಲಿ ದೇಶದೆಲ್ಲೆಡೆ ಇದ್ದ ಜಪಾನಿನ ನದಿ ನೀರುನಾಯಿಯು 1979ರಲ್ಲಿ ಕೊನೆಯದಾಗಿ ಕಂಡುಬಂದಿತು. 2012ರಲ್ಲಿ ಅದನ್ನು ಅಳಿದುಹೋದ ಪ್ರಾಣಿ ಎಂದು ಘೋಷಿಸಲಾಯಿತು.

7. ಕೈಗೊಂಡಿರುವ ಕ್ರಮಗಳು

- ಕಾವೇರಿ ವನ್ಯಜೀವಿಧಾಮವನ್ನು 1987ರಲ್ಲಿ ಘೋಷಿಸಲಾಗಿದ್ದು, ಸಂಗಮ, ಮುತ್ತತ್ತಿ, ಭೀಮೇಶ್ವರಿ ಸುತ್ತಮುತ್ತಲ ನದಿ ಮತ್ತು ಅರಣ್ಯ ಪ್ರದೇಶಗಳು ಇದರ ವ್ಯಾಪ್ತಿಯಲ್ಲಿವೆ.
- ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಉದ್ದದ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗಾಗಿಯೇ ಘೋಷಿಸಲಾದ ದೇಶದ ಮೊದಲ ಮೀಸಲು ಪ್ರದೇಶ ಇದು. ಹಂಪಿಯ ಸ್ಮಾರಕಗಳ ಬದಿಯಲ್ಲಿ ಹರಿಯುವ ನದಿಯೂ ಇದರಲ್ಲಿ ಸೇರಿದೆ.
- ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ನೀರುನಾಯಿಯನ್ನು ಬೇಟೆಯಾಡುವುದು, ಹಿಡಿಯುವುದು, ಸಾಕುವುದು ಮತ್ತು ಅದರ ಚರ್ಮವನ್ನು ಮಾರುವುದು ಶಿಕ್ಷಾರ್ಹ ಅಪರಾಧ.
- ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಜಿನೀವಾ ಸಮ್ಮೇಳನದಲ್ಲಿ, 2019ರಲ್ಲಿ, ನುಣುಪು ತುಪ್ಪಳದ ಹಾಗೂ ಚಿಕ್ಕ ಉಗುರಿನ ನೀರುನಾಯಿಗಳನ್ನು ಮೊದಲನೆಯ ಅನುಬಂಧಕ್ಕೆ ಸೇರಿಸಲಾಯಿತು. ಇದರಿಂದ ಅವುಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ತಡೆಯಾಗಿದೆ.

8. ನಾಗರಿಕರು ಮಾಡಬಹುದಾದದ್ದು

ಶ್ರೀರಾಂಪುರದಿಂದ ಸಂಗಮ ದೂರವಿದ್ದರೂ ಚರಂಡಿಯ ಮೂಲಕ ಹತ್ತಿರವಾಗಿದೆ. ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಈ ಕೆಳಗಿನ ಅಂಶಗಳನ್ನು ಗಮನಿಸುವಂತೆ ಕೋರಲಾಗಿದೆ.

(1) ಮನೆಯ ಶೌಚ ಹಾಗೂ ಸ್ನಾನಗೃಹದ ನೀರು ಒಳಚರಂಡಿಗೆ ಮಾತ್ರ ಸೇರಬೇಕು. ಮಳೆನೀರು ಚರಂಡಿಗೆ ಸೇರಬಾರದು. ಒಳಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಮಳೆನೀರು ಚರಂಡಿಗೆ ಬಿದ್ದದ್ದು ನೇರವಾಗಿ ವೃಷಭಾವತಿಗೆ ಹೋಗುತ್ತದೆ. ಹಳೆಯ ಮನೆಗಳಲ್ಲಿ ಈ ಎರಡು ಕೊಳವೆಗಳು ಬೆರೆತಿರುವ ಸಾಧ್ಯತೆ ಹೆಚ್ಚಿರುವುದರಿಂದ, ಹೊಸ ಸಂಪರ್ಕಕ್ಕೆ ಅಥವಾ ದುರಸ್ತಿಗೆ ಅರ್ಜಿ ಸಲ್ಲಿಸುವಾಗ ಇದನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

(2) ಮಳೆನೀರು ಸಂಗ್ರಹ ವ್ಯವಸ್ಥೆಯನ್ನು ಅಳವಡಿಸುವುದು. ಬೆಂಗಳೂರಿನಲ್ಲಿ ನಿಗದಿತ ಅಳತೆಗಿಂತ ದೊಡ್ಡದಾದ ನಿವೇಶನಗಳ ಕಟ್ಟಡಗಳಿಗೆ 2009ರ ಕಾನೂನು ತಿದ್ದುಪಡಿಯಿಂದ ಇದು ಕಡ್ಡಾಯವಾಗಿದೆ. ಉಳಿಸಿದ ಪ್ರತಿ ಲೀಟರ್ ನೀರನ್ನು ನದಿಯಿಂದ ಎತ್ತುವ ಅಗತ್ಯ ತಪ್ಪುತ್ತದೆ.

(3) ಬಣ್ಣ, ಆಸಿಡ್, ಉಳಿದ ಕೀಟನಾಶಕ, ಔಷಧ ಮತ್ತು ಬಳಸಿದ ಎಂಜಿನ್ ಎಣ್ಣೆಯನ್ನು ಚರಂಡಿಗೆ ಸುರಿಯದಿರುವುದು. ಸಣ್ಣ ಕಾರ್ಖಾನೆ, ಗ್ಯಾರೇಜ್ ಮತ್ತು ಲೇಪನ ಘಟಕಗಳ ಮಾಲೀಕರು ಇದನ್ನು ವಿಶೇಷವಾಗಿ ಪಾಲಿಸಬೇಕು.

(4) ಕಟ್ಟಡ ನಿರ್ಮಿಸುವವರು ಪರವಾನಗಿ ಇರುವ ಮೂಲದಿಂದ ಮಾತ್ರ ಮರಳು ಖರೀದಿಸುವುದು ಅಥವಾ ಕಲ್ಲಿನಿಂದ ತಯಾರಿಸಿದ ಎಂ-ಸ್ಯಾಂಡ್ ಬಳಸುವುದು.

(5) ನದಿತೀರಕ್ಕೆ ಪ್ರವಾಸ ಹೋದಾಗ ಪ್ಲಾಸ್ಟಿಕ್ ಮತ್ತು ಗಾಜಿನ ಬಾಟಲಿಗಳನ್ನು ಬಿಟ್ಟುಬಾರದಿರುವುದು, ನಾಯಿಗಳನ್ನು ಕರೆದೊಯ್ಯದಿರುವುದು, ಬಂಡೆ ಮತ್ತು ಮರಳದಿಣ್ಣೆಗಳ ಮೇಲೆ ಕಂಡ ಪ್ರಾಣಿಗಳನ್ನು ಅಟ್ಟದಿರುವುದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೀರುನಾಯಿ ಮರಿಯನ್ನು ಮನೆಯಲ್ಲಿ ಸಾಕಬಹುದೇ?
ಉತ್ತರ: ಇಲ್ಲ. ಇದು ಅಪರಾಧ. ಗುಂಪಿನಲ್ಲಿ, ಹರಿಯುವ ನೀರಿನಲ್ಲಿ ಬೆಳೆಯಬೇಕಾದ ಈ ಪ್ರಾಣಿಗೆ ಮನೆಯ ತೊಟ್ಟಿಯ ಬದುಕು ಹೊಂದುವುದಿಲ್ಲ. ಮರಿಯನ್ನು ಹಿಡಿಯುವ ಸಲುವಾಗಿ ದೊಡ್ಡ ಪ್ರಾಣಿಗಳನ್ನು ಕೊಲ್ಲುವುದೂ ಉಂಟು.

ಪ್ರಶ್ನೆ: ನೀರುನಾಯಿ ಮನುಷ್ಯರಿಗೆ ಅಪಾಯಕಾರಿಯೇ?
ಉತ್ತರ: ಸಾಮಾನ್ಯವಾಗಿ ಅದು ದೂರ ಸರಿಯುತ್ತದೆ. ಮರಿಗಳಿರುವಾಗ ಸಮೀಪಿಸಿದರೆ ಗುಂಪಾಗಿ ಬೆದರಿಸಬಹುದು ಅಥವಾ ಕಚ್ಚಬಹುದು. ದೂರದಿಂದ ನೋಡುವುದೇ ಕ್ಷೇಮ.

ಪ್ರಶ್ನೆ: ನೀರುನಾಯಿಗಳಿಂದಲೇ ನದಿಯಲ್ಲಿ ಮೀನು ಕಡಿಮೆಯಾಗಿದೆಯೇ?
ಉತ್ತರ: ಇಲ್ಲ. ಮೀನು ಮತ್ತು ನೀರುನಾಯಿ ಸಹಸ್ರಾರು ವರ್ಷಗಳಿಂದ ಒಂದೇ ನದಿಯಲ್ಲಿ ಬಾಳಿವೆ. ಮೀನು ಕಡಿಮೆಯಾಗಲು ಕಾರಣಗಳನ್ನು 4ನೆಯ ಭಾಗದಲ್ಲಿ ವಿವರಿಸಲಾಗಿದೆ; ಅವೇ ನೀರುನಾಯಿಯ ಕುಸಿತಕ್ಕೂ ಕಾರಣ.

ಪ್ರಶ್ನೆ: ಗಾಯಗೊಂಡ ಪ್ರಾಣಿ ಅಥವಾ ಒಂಟಿ ಮರಿ ಕಂಡುಬಂದರೆ ಏನು ಮಾಡಬೇಕು?
ಉತ್ತರ: ಮುಟ್ಟಬಾರದು, ಆಹಾರ ನೀಡಬಾರದು. ತಾಯಿ ಸಮೀಪದಲ್ಲಿಯೇ ಇರಬಹುದು. ಸ್ಥಳವನ್ನು ಗುರುತಿಸಿಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಸಿಡಿಮದ್ದು ಬಳಸಿ ಮೀನು ಹಿಡಿಯುತ್ತಿರುವುದು ಕಂಡುಬಂದರೂ ಇದೇ ಸಂಖ್ಯೆಗೆ ಅಥವಾ 112ಕ್ಕೆ ಕರೆ ಮಾಡಬಹುದು.

ಪ್ರಶ್ನೆ: ನಗರದಲ್ಲಿ ಒಳಚರಂಡಿಯ ನೀರು ಮಳೆನೀರು ಚರಂಡಿಗೆ ಹರಿಯುತ್ತಿದ್ದರೆ ಯಾರಿಗೆ ತಿಳಿಸಬೇಕು?
ಉತ್ತರ: ಬೆಂಗಳೂರು ಜಲಮಂಡಳಿಯ ಸಹಾಯವಾಣಿ 1916ಕ್ಕೆ ಬಡಾವಣೆ, ರಸ್ತೆ ಮತ್ತು ಗುರುತಿನ ಸ್ಥಳದ ವಿವರಗಳೊಂದಿಗೆ ದೂರು ನೀಡಬಹುದು.

ಪ್ರಶ್ನೆ: ಒಂದು ಮನೆಯ ಕೊಳವೆ ಸರಿಪಡಿಸಿದ ಮಾತ್ರಕ್ಕೆ ನದಿ ಶುದ್ಧವಾಗುವುದೇ?
ಉತ್ತರ: ಒಂದು ಮನೆಯಿಂದ ಆಗುವುದಿಲ್ಲ. ಆದರೆ ವೃಷಭಾವತಿ ಮಲಿನವಾದದ್ದು ಒಂದು ಮನೆಯಿಂದಲೂ ಅಲ್ಲ. ಬೀದಿ ಬೀದಿಗಳ ಕೊಳವೆಗಳು ಸೇರಿ ಕೆಟ್ಟ ನೀರು, ಬೀದಿ ಬೀದಿಗಳ ಕೊಳವೆಗಳು ಸರಿಯಾದಾಗಲೇ ತಿಳಿಯಾಗುತ್ತದೆ.